ಬಣ್ಣದ ಕಂಪನಿಯ ಬೀಗತನ

ಮದುವೆ ಮಾತುಕತೆಗೆ ನನ್ನಂಥವನನ್ನು ಕರೆದುಕೊಂಡು ಹೋಗಬಾರದು. ವಿನಯಕ್ಕಾಗಿ ಹೇಳುತ್ತಿಲ್ಲ, ಇದು ಅನುಭವದ ಮಾತು. ಎದುರಿಗೆ ಕೂತವರು ಏನು ಹೇಳಿದರೂ ತಲೆಯಾಡಿಸುವುದು ನನ್ನ ಹುಟ್ಟುಗುಣ. ಅದರಲ್ಲೂ ಅವರು ಕಾಫಿ ಕೊಟ್ಟು, ಜೊತೆಗೆ ತಟ್ಟೆಯಲ್ಲಿ ಒಂದೆರಡು ಕೋಡುಬಳೆ ಇಟ್ಟುಬಿಟ್ಟರೆ ಮುಗಿಯಿತು, ನಾನು ಯಾರ ಕಡೆಯಿಂದ ಬಂದವನು ಎಂಬುದೇ ನನಗೆ ಮರೆತುಹೋಗುತ್ತದೆ. ನನ್ನ ತಂಗಿಯ ಮದುವೆ ಮಾತಿನಲ್ಲಿ ಗಂಡಿನವರು ಬೆಳ್ಳಿ ತಟ್ಟೆ ಕೇಳಿದಾಗ, ತಟ್ಟೆಯೊಂದೇ ಆದರೆ ಬೋಳುಬೋಳಾಗಿ ಕಾಣುತ್ತದೆ, ಪಕ್ಕದಲ್ಲಿ ಒಂದು ಬೆಳ್ಳಿ ಲೋಟವೂ ಇದ್ದರೆ ಲಕ್ಷಣ ಎಂದು ಸೂಚಿಸಿದವನು ನಾನೇ. ನಮ್ಮ ತಂದೆ ಆಮೇಲೆ ಬಹಳ ದಿನ ನನ್ನ ಜೊತೆ ಮಾತಾಡಲಿಲ್ಲ. ಇಂಥ ನಾನು ಎಪ್ಪತ್ತರ ದಶಕದಲ್ಲಿ ಒಂದು ಬೀಗತನಕ್ಕೆ ಗಂಡಿನ ಕಡೆಯ ಹಿರಿಯನಾಗಿ ನಿಲ್ಲಬೇಕಾಯಿತು. ಹೆಣ್ಣಿನ ಕಡೆಯವರು ಮದ್ದೂರಿನ ಕಡೆಯ ಕೊಪ್ಪದ ಒಂದು ಮಹಿಳಾ ಸಮಾಜದವರು. ಗಂಡು ಒಂದು ಬಣ್ಣದ ಕಂಪನಿ.

ನೀವು ಗಾಬರಿಯಾಗುವ ಮೊದಲು ವಿವರಿಸಿಬಿಡುತ್ತೇನೆ. ಆಗ ನಾನು ಮಂಡ್ಯದಲ್ಲಿ ಮನೆ ಮಾಡಿಕೊಂಡು, ದಿನಾ ಬಸ್ಸಿನಲ್ಲಿ ಸೋಮನಹಳ್ಳಿಯ ಹತ್ತಿರದ ಒಂದು ಕಾರ್ಖಾನೆಗೆ ಹೋಗಿಬರುತ್ತಿದ್ದೆ. ಗೋಡೆಗೆ ಹಚ್ಚುವ ಬಣ್ಣ, ಕಿಟಕಿ ಬಾಗಿಲಿಗೆ ಹಚ್ಚುವ ಬಣ್ಣ, ಇವೇ ಅಲ್ಲಿ ತಯಾರಾಗುತ್ತಿದ್ದವು. ನನ್ನ ಹುದ್ದೆಯ ಹೆಸರು ಕ್ಷೇಮಾಧಿಕಾರಿ. ಹೆಸರು ಕೇಳಿದವರು ನಾನು ಯಾರ ಯಾರದೋ ಕ್ಷೇಮವನ್ನು ಅಧಿಕಾರದಿಂದ ನೋಡಿಕೊಳ್ಳುತ್ತಿದ್ದೆ ಎಂದುಕೊಳ್ಳುತ್ತಿದ್ದರು. ಕ್ಯಾಂಟೀನಿನ ಹುಳಿಯಲ್ಲಿ ಜಿರಳೆ ಸಿಕ್ಕರೆ ಅದನ್ನು ಕರಿಬೇವು ಎಂದು ಸಾಧಿಸುವುದು, ಸಮವಸ್ತ್ರದ ಚಡ್ಡಿ ಬಿಗಿಯಾಯಿತೆಂದು ಬಂದವರಿಗೆ ನೀವೇ ದಪ್ಪಗಾಗಿದ್ದೀರಿ ಎಂದು ಸಮಾಧಾನ ಹೇಳುವುದು, ಮ್ಯಾನೇಜರ್ ಸಾಹೇಬರು ಇಂಗ್ಲಿಷಿನಲ್ಲಿ ಬೈದದ್ದನ್ನು ಕನ್ನಡದಲ್ಲಿ ಬುದ್ಧಿಮಾತಾಗಿ ಮಾರ್ಪಡಿಸಿ ತಲುಪಿಸುವುದು, ಇಷ್ಟೇ ನನ್ನ ಕೆಲಸ. ಆ ಕೊನೆಯದರಲ್ಲಿ ಮಾತ್ರ ನಾನು ನಿಜಕ್ಕೂ ನಿಪುಣ.

ಒಂದು ದಿನ ಮ್ಯಾನೇಜರ್ ಸಾಹೇಬರು ಬೊಂಬಾಯಿಯ ಹೆಡ್ಡಾಫೀಸಿನಿಂದ ಒಂದು ಹೊಸ ವಿಚಾರ ಹೊತ್ತುಕೊಂಡು ಬಂದರು. ಅಲ್ಲಿಯವರೆಗೆ ಕಂಪನಿಯ ದಾನಧರ್ಮವೆಲ್ಲ ಗೇಟಿನಲ್ಲೇ ನಡೆಯುತ್ತಿತ್ತು. ಗಣಪತಿ ಕೂರಿಸುವವರು, ನಾಟಕ ಆಡುವವರು, ಕಬಡ್ಡಿ ಪಂದ್ಯದವರು ಬಂದರೆ ಏನೋ ಒಂದಿಷ್ಟು ಕೊಟ್ಟು ಸಾಗಹಾಕುತ್ತಿದ್ದೆವು. ಇನ್ನು ಮೇಲೆ ಹಾಗಲ್ಲವಂತೆ. ಒಂದೇ ಒಂದು ಒಳ್ಳೆಯ ಸೇವಾಸಂಸ್ಥೆಯನ್ನು ಆರಿಸಿಕೊಂಡು ಅದರ ಜೊತೆ ದೀರ್ಘಕಾಲದ ಸಂಬಂಧ ಬೆಳೆಸಬೇಕಂತೆ. ಆ ‘ದೀರ್ಘಕಾಲ’ ಎಂಬ ಮಾತನ್ನು ಅವರು ಎರಡು ಕೈಗಳನ್ನೂ ದೂರ ದೂರ ಚಾಚಿ ಹೇಳಿದರು. ಸಂಸ್ಥೆಯನ್ನು ಹುಡುಕುವ ಹೊಣೆ ಕ್ಷೇಮಾಧಿಕಾರಿಗೆ ಬಿತ್ತು.

ಹುಡುಕಲು ಹೊರಟ ಮೇಲೆ ತಿಳಿಯಿತು, ಇದು ಹೆಣ್ಣು ನೋಡುವ ಕೆಲಸವೇ. ಮಳವಳ್ಳಿಯಲ್ಲಿ ಒಂದು ಧರ್ಮಸಂಸ್ಥೆ ಇತ್ತು, ಅದರ ಕಾರ್ಯದರ್ಶಿಗಳು ತಮ್ಮ ಸಂಸ್ಥೆಯ ಧ್ಯೇಯೋದ್ದೇಶಗಳನ್ನು ಹೇಳಲು ಶುರುಮಾಡಿದವರು ನನ್ನ ಬಸ್ಸು ತಪ್ಪಿಹೋಗುವ ತನಕ ಹೇಳಿದರು, ಒಂದು ಲೋಟ ನೀರೂ ಕೊಡಲಿಲ್ಲ. ಮಂಡ್ಯದ ಒಂದು ಸಂಘದವರು ಬೀಗ ಹಾಕಿದ ಬಾಗಿಲು ತೋರಿಸಿ, ಇದರ ಒಳಗೆ ಬಹಳ ಕೆಲಸ ನಡೆಯುತ್ತದೆ ಎಂದರು. ಕೊನೆಗೆ ಕೊಪ್ಪಕ್ಕೆ ಹೋದೆ. ಅಲ್ಲಿ ಚಿಕ್ಕತಾಯಮ್ಮ ಎಂಬ ಹಿರಿಯ ಹೆಂಗಸು ತಮ್ಮ ಸ್ವಂತ ತೊಟ್ಟಿಮನೆಯನ್ನೇ ಹುಡುಗಿಯರ ಹಾಸ್ಟೆಲ್ಲಾಗಿ ಮಾಡಿ, ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳನ್ನು ಇಟ್ಟುಕೊಂಡು ಹೈಸ್ಕೂಲಿಗೆ ಕಳಿಸುತ್ತಿದ್ದರು. ಗಂಡ ತೀರಿಹೋಗಿದ್ದರು, ಗದ್ದೆ ಇತ್ತು, ಗದ್ದೆಗಿಂತ ಹೆಚ್ಚಾಗಿ ಗಂಟಲಿತ್ತು. ಸಮಾಜಕ್ಕೆ ಅವರೇ ಅಧ್ಯಕ್ಷೆ, ಅಡುಗೆಮನೆಗೂ ಅವರೇ. ನಾನು ಹೋದ ಹೊತ್ತಿಗೆ ಒತ್ತು ಶಾವಿಗೆ, ಕಾಯಿಹಾಲು ಆಗಿತ್ತು. ಹಾಸ್ಟೆಲಿನ ಗುಣದೋಷಗಳನ್ನು ನಾನು ಪರಿಶೀಲಿಸಿದೆನೋ ಇಲ್ಲವೋ ಈಗ ನೆನಪಿಲ್ಲ, ಶಾವಿಗೆ ಮಾತ್ರ ಎಳೆ ಎಳೆಯಾಗಿ ನೆನಪಿದೆ. ಮರುದಿನ ಮ್ಯಾನೇಜರಿಗೆ, ಎಲ್ಲ ದೃಷ್ಟಿಯಿಂದಲೂ ಯೋಗ್ಯವಾದ ಸಂಸ್ಥೆ ಎಂದು ವರದಿ ಒಪ್ಪಿಸಿದೆ.

ಸಂಬಂಧ ಶುರುವಾಗುವ ದಿನ ಮ್ಯಾನೇಜರ್ ಸಾಹೇಬರೂ ಕಾರಿನಲ್ಲಿ ಬಂದರು. ಹಾರ, ಫೋಟೋ, ಭಾಷಣ ಎಂದು ಅವರು ಲೆಕ್ಕ ಹಾಕಿಕೊಂಡಿದ್ದರು. ಜಗಲಿಯ ಮೇಲೆ ನೋಡಿದರೆ ಊರಿನ ಯಜಮಾನರಾದ ಮರಿಗೌಡರೂ ಇನ್ನು ನಾಲ್ಕು ಜನ ಹಿರಿಯರೂ ಕಂಬಳಿ ಹಾಸಿಕೊಂಡು ಕೂತಿದ್ದರು. ಚಿಕ್ಕತಾಯಮ್ಮ ನನ್ನನ್ನು ಪಕ್ಕಕ್ಕೆ ಕರೆದು, “ಸ್ವಾಮ್ಯಾರೆ, ಈ ಸಂಬಂದ ಎಷ್ಟ್ ದಿನದ್ದು?” ಎಂದು ಕೇಳಿದರು. ನಾನು ಮ್ಯಾನೇಜರ ಹಾಗೆಯೇ ಎರಡೂ ಕೈ ಚಾಚಿ, “ಬಹಳ ಕಾಲದ್ದು ತಾಯಿ” ಎಂದೆ. “ಅಂಗಾರೆ ಬಾಯ್ಮಾತಲ್ಲಿ ಬ್ಯಾಡ. ಐದ್ ಜನದ ಮುಂದೆ ವೀಳ್ಯ ಆಗೋಗ್ಲಿ” ಎಂದು ತಟ್ಟೆ ತರಿಸಿದರು. ತಟ್ಟೆಯಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ, ಬಾಳೆಹಣ್ಣು. ಮ್ಯಾನೇಜರು ಇದೇನು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಇದು ಇಲ್ಲಿಯ ಒಂದು ಸರಳ ಒಪ್ಪಂದ ಎಂದು ನಾನು ಇಂಗ್ಲಿಷಿನಲ್ಲೇ ಹೇಳಿದೆ. ಅವರು ಸಂತೋಷದಿಂದ ತಟ್ಟೆಯನ್ನು ಎರಡು ಕೈಯಲ್ಲೂ ಹಿಡಿದು ಫೋಟೋಕ್ಕೆ ನಿಂತರು.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತೇನೋ. ನನಗೆ ಮೈಕು ಸಿಕ್ಕಿತು. ಮೈಕು ಸಿಕ್ಕರೆ ನನ್ನೊಳಗಿನ ಸಾಹಿತಿ ಎದ್ದು ಕೂರುತ್ತಾನೆ. “ಇಂದಿನಿಂದ ನಮ್ಮ ಕಂಪನಿಯೂ ನಿಮ್ಮ ಸಮಾಜವೂ ಬೀಗರು” ಎಂದುಬಿಟ್ಟೆ. ಚಪ್ಪಾಳೆ ಬರುತ್ತದೆಂದು ಸ್ವಲ್ಪ ಹೊತ್ತು ಕಾದೆ. ಬರಲಿಲ್ಲ. ಹಿರಿಯರು ಐವರೂ ಗಂಭೀರವಾಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಹೂಂ ಎಂದು ತಲೆದೂಗಿದರು. ನನ್ನ ಉಪಮೆ ಅವರ ಮಟ್ಟಕ್ಕೆ ತುಸು ಹೆಚ್ಚಾಯಿತೇನೋ ಎಂದುಕೊಂಡು ಕೆಳಗಿಳಿದೆ. ವೀಳ್ಯದ ಮುಂದೆ ಆಡಿದ ಮಾತಿಗೆ ಆ ಸೀಮೆಯಲ್ಲಿ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಸಾಕ್ಷಿಯಾಗುತ್ತಾರೆ ಎಂಬುದು ನನಗೆ ಆಗ ತಿಳಿದಿರಲಿಲ್ಲ. ಊಟಕ್ಕೆ ಕೂತಾಗ ಚಿಕ್ಕತಾಯಮ್ಮ ನನ್ನ ಎಲೆಗೆ ತುಪ್ಪ ಬಡಿಸುತ್ತಾ, “ಬೀಗ್ರೆ, ಮಕ್ಳಿಗೆ ಒಂದ್ ಬಚ್ಚಲ್ಮನೆ ಇಲ್ಲ. ವಯಸ್ಗ್ ಬಂದ ಎಣ್ಮಕ್ಳು ನಾಲೆ ತಾವ ಸೀರೆ ಮರೆ ಮಾಡ್ಕಂಡ್ ನೀರಾಕ್ಕತ್ತವೆ. ಕಂಪ್ನಿಯೋರು ಅದೊಂದ್ ಕಟ್ಟುಸ್ಕೊಡ್ತೀರಾ?” ಎಂದು ಕೇಳಿದರು. ಬಾಯಲ್ಲಿ ಒಬ್ಬಟ್ಟಿತ್ತು. ತಲೆಯಾಡಿಸಿದೆ.

ಮ್ಯಾನೇಜರಿಗೆ ಹೇಳದೆ ಇರಲಿಲ್ಲ, ಹೇಳಿದೆ. ಅವರು ನಕ್ಕರು. ಕಂಪನಿ ಏನು ಮಾಡುತ್ತದೋ ಅದನ್ನೇ ಕೊಡಬೇಕು, ಅದೇ ಹೆಡ್ಡಾಫೀಸಿನ ನಿಯಮ ಎಂದರು. ಹಾಗಾಗಿ ಮೊದಲ ವರ್ಷ ಬಣ್ಣ ಕೊಟ್ಟೆವು. ಯಾವುದೋ ಆಸ್ಪತ್ರೆಗೆಂದು ಮಾಡಿ ಉಳಿದಿದ್ದ ಹಸಿರು, ಅದನ್ನು ಬಳಿದ ಮೇಲೆ ಹಾಸ್ಟೆಲಿನ ಒಳಗೆ ಹೋದವರಿಗೆಲ್ಲ ಸಣ್ಣಗೆ ಜ್ವರ ಬಂದ ಹಾಗೆ ಅನ್ನಿಸುತ್ತಿತ್ತು. ಎರಡನೆಯ ವರ್ಷವೂ ಬಣ್ಣ, ಅಂಗಡಿಯವರು ವಾಪಸು ಕಳಿಸಿದ ಗುಲಾಬಿ. ಮೂರನೆಯ ವರ್ಷ ಬಳಿಯುವುದಕ್ಕೆ ಗೋಡೆ ಉಳಿದಿರಲಿಲ್ಲ. ಬಾಗಿಲು, ಕಿಟಕಿ, ದನದ ಗೊಂತು, ಬಾವಿಯ ಕಟ್ಟೆ ಎಲ್ಲ ಮುಗಿಸಿ, ಉಳಿದದ್ದನ್ನು ಸಂಕ್ರಾಂತಿಗೆ ಎತ್ತಿನ ಕೊಂಬಿಗೆ ಬಳಿದರು. ಮದ್ದೂರಿನ ಸಂತೆಯಲ್ಲಿ ಕೊಪ್ಪದ ಎತ್ತುಗಳನ್ನು ದೂರದಿಂದಲೇ ಗುರುತು ಹಿಡಿಯುತ್ತಿದ್ದರಂತೆ. ನಾನು ಹೋದಾಗಲೆಲ್ಲ ಚಿಕ್ಕತಾಯಮ್ಮ, “ಬಣ್ಣ ಸಾಕು ಕಣ್ರೀ ಬೀಗ್ರೆ, ಬಚ್ಚಲ್ಮನೆ ಯಾವಾಗ?” ಎನ್ನುತ್ತಿದ್ದರು. ಮುಂದಿನ ವರ್ಷವೇ ಎಂದು ಅವರೇ ಕೇಳಿದರೆ ತಲೆಯಾಡಿಸುತ್ತಿದ್ದೆ. ಅದನ್ನೇ ನಂಬಿಕೊಂಡು ಅವರು ಹುಡುಗಿಯರ ತಂದೆತಾಯಿಗಳಿಗೂ, ನಮ್ಮ ಬೀಗ್ರು ಕಟ್ಟುಸ್ತಾರೆ, ಮಕ್ಳ ಬುಡುಸ್ಬ್ಯಾಡಿ ಎಂದು ಹೇಳುತ್ತಾ ಬಂದಿದ್ದರು.

ಇತ್ತ ಕೊಪ್ಪದವರು ಬೀಗತನವನ್ನು ಚಾಚೂ ತಪ್ಪದೆ ನಡೆಸಿದರು. ಹೊಸ ಬೆಲ್ಲ ಆದರೆ ಅಚ್ಚು ಬೆಲ್ಲ, ಅವರೆ ಕಾಲದಲ್ಲಿ ಸೊಗಡಿನ ಅವರೆ, ಎಮ್ಮೆ ಈದರೆ ಗಿಣ್ಣು, ಎಲ್ಲವೂ ಕಾರ್ಖಾನೆಯ ಗೇಟಿಗೆ ಬರುತ್ತಿತ್ತು. ಗೌರಿಹಬ್ಬಕ್ಕೆ ಮ್ಯಾನೇಜರ ಹೆಂಡತಿಗೆ ಮೊರದ ಬಾಗಿನ ಬಂತು. ಆಕೆಗೆ ಕನ್ನಡ ಬಾರದು, ಮೊರವನ್ನು ಹಳ್ಳಿಯ ಕರಕುಶಲ ವಸ್ತು ಎಂದು ತಿಳಿದು ಗೋಡೆಗೆ ನೇತುಹಾಕಿಸಿದರು. ಚಿಕ್ಕತಾಯಮ್ಮನವರ ಮೈದುನ ತೀರಿಕೊಂಡಾಗ ಗೇಟಿನ ವಾಚ್‌ಮನ್ನು ಓಡಿಬಂದು, ಎಲ್ಲರ ಎದುರಿಗೆ, “ಸಾ, ನಮ್ ಕಂಪ್ನಿ ಬೀಗ್ರ ಕಡೆ ಒಬ್ರು ತೀರ್ಕಂಡವ್ರಂತೆ” ಎಂದು ಸುದ್ದಿ ಮುಟ್ಟಿಸಿದ. ಬೀಗರು ಹೋಗದೆ ಇದ್ದರೆ ಹೆಣ ಎತ್ತುವುದಿಲ್ಲವೆಂದೂ ಸೇರಿಸಿದ. ಬಣ್ಣದ ಕಂಪನಿಯ ಪರವಾಗಿ ನಾನು ಹೋಗಿ ದುಃಖಿಸಿ ಬಂದೆ, ಆ ದಿನಕ್ಕೆ ಹಾಜರಿಯೂ ಸಿಕ್ಕಿತು. ಇನ್ನು ಊಟಗಳ ಮಾತೇ ಬೇಡ. ಬೀಗರ ಔತಣದಲ್ಲಿ ಅವರಿಗೆಲ್ಲ ಬಾಡು, ಮಾಂಸ ಮುಟ್ಟದ ನನಗೆ ಮಾತ್ರ ಬೇರೆ ಒಲೆ, ಬೇರೆ ಪಾತ್ರೆ, ಪಕ್ಕದ ತೊಟ್ಟಿಯಲ್ಲಿ ಬೇರೆ ಎಲೆ. ನಮ್ಮ ತಾಯಿಗೆ ಗೊತ್ತಾದರೆ ಏನು ಗತಿ ಎಂಬ ಯೋಚನೆ ಪ್ರತಿಸಲ ಬರುತ್ತಿತ್ತು, ಎರಡನೆಯ ಸಲ ಬಡಿಸಲು ಬಂದಾಗ ಹೊರಟುಹೋಗುತ್ತಿತ್ತು.

ಹೀಗೇ ಇರುವಾಗ ಹೆಡ್ಡಾಫೀಸಿನಲ್ಲಿ ದೊಡ್ಡವರು ಯಾರೋ ಬದಲಾದರು. ಬಂದವರಿಗೆ ಒಂದೇ ಸಂಸ್ಥೆಗೆ ಅಂಟಿಕೊಂಡಿರುವುದು ಸರಿಕಾಣಲಿಲ್ಲ. ಪ್ರತಿ ವರ್ಷ ಬೇರೆ ಬೇರೆ ಸಂಸ್ಥೆಗೆ ಕೊಟ್ಟರೆ ಹೆಚ್ಚು ಊರುಗಳಲ್ಲಿ ಕಂಪನಿಯ ಬೋರ್ಡು ನಿಲ್ಲುತ್ತದೆ ಎಂದು ಅವರ ಅಭಿಪ್ರಾಯ. ಮ್ಯಾನೇಜರು ನನ್ನನ್ನು ಕರೆದು, ಕೊಪ್ಪಕ್ಕೆ ಹೋಗಿ ಸಂಬಂಧ ಮುಗಿಯಿತೆಂದು ನಯವಾಗಿ ಹೇಳಿ ಬನ್ನಿ ಎಂದರು. ನಾನು ನಯವಾಗಿ ಹೋದೆ. ಅವತ್ತು ಮಾವಿನಕಾಯಿ ಚಿತ್ರಾನ್ನವಿತ್ತು, ಹೇಳಲಾಗಲಿಲ್ಲ. ಮುಂದಿನ ವಾರ ಮತ್ತೆ ಹೋದೆ, ಮಜ್ಜಿಗೆಯೊಂದನ್ನೇ ಕುಡಿದು ಹೇಳಿಬಿಡಬೇಕೆಂದು ನಿರ್ಧರಿಸಿಕೊಂಡು. ಮಜ್ಜಿಗೆಯ ಜೊತೆ ಹಪ್ಪಳ ಬಂತು.

ಮೂರನೆಯ ಸಲ ಹೋದಾಗ, ಬೇಸಿಗೆ ರಜಕ್ಕೆ ಸ್ವಲ್ಪ ಮೊದಲು, ಎಲೆಯ ಮುಂದೆ ಕೂತಿದ್ದೆ. ಶಿವಮ್ಮ ಎಂಬ ಒಂಬತ್ತನೆಯ ತರಗತಿಯ ಹುಡುಗಿ ಕೋಸಂಬರಿ ಬಡಿಸುತ್ತಿದ್ದಳು. ಲೆಕ್ಕದಲ್ಲಿ ಬಹಳ ಚುರುಕು, ಬಡಿಸುವುದರಲ್ಲಿ ಧಾರಾಳ. ಅಷ್ಟರಲ್ಲಿ ಅವಳ ತಂದೆ ಬಂದ. ಹೆಗಲ ಮೇಲೆ ಟವಲು, ಕೈಯಲ್ಲಿ ಖಾಲಿ ಚೀಲ. “ಅವ್ವಾ, ಮಗೀನ ಕರ್ಕಂಡ್ ಓಯ್ತೀನಿ. ವಯಸ್ಗ್ ಬಂದದೆ. ನಾಲೆ ಏರಿ ಮ್ಯಾಲೆ ಓಗೋಬರೋರೆಲ್ಲ ನೋಡ್ತಾರೆ ಅಂತ ಊರಲ್ಲೆಲ್ಲ ಆಡ್ಕತಾವ್ರೆ” ಎಂದ. ಚಿಕ್ಕತಾಯಮ್ಮ ನನ್ನ ಕಡೆ ಕೈ ತೋರಿಸಿ, “ಇಗೋ, ಬೀಗ್ರು ಇಲ್ಲೇ ಅವ್ರೆ. ಸಾಲೆ ಬಾಗ್ಲು ತೆಗ್ಯೋದ್ರೊಳ್ಗೆ ಬಚ್ಚಲ್ಮನೆ ಆಯ್ತದೆ ಕಣಪ್ಪ. ಇವ್ನಿಗ್ ಏಳಿ ಬೀಗ್ರೆ” ಎಂದರು. ಎಲ್ಲರೂ ನನ್ನನ್ನು ನೋಡಿದರು. ಶಿವಮ್ಮನೂ ಕೋಸಂಬರಿಯ ಪಾತ್ರೆ ಹಿಡಿದುಕೊಂಡೇ ನೋಡಿದಳು. ಜೀವನದಲ್ಲಿ ಮೊದಲ ಸಲ ನಾನು ತುಂಬಿದ ಎಲೆಯನ್ನು ಮುಂದಕ್ಕೆ ತಳ್ಳಿದೆ. ನಾನು ಹೇಳಿದೆ: ಕಂಪನಿ ಈ ಸಂಬಂಧವನ್ನು ಬಿಡುತ್ತಿದೆ.

ಶಿವಮ್ಮ ಪಾತ್ರೆ ಕೆಳಗಿಟ್ಟು ಒಳಗೆ ಹೋಗಿ ತನ್ನ ಬಟ್ಟೆ ಪುಸ್ತಕ ತಂದಳು. ಅವಳು ಅಳಲಿಲ್ಲ, ಯಾರನ್ನೂ ನೋಡಲೂ ಇಲ್ಲ. ಉಳಿದ ಹುಡುಗಿಯರು ಬಾಗಿಲ ಹಿಂದೆ ನಿಂತು ನೋಡುತ್ತಿದ್ದರು, ತಮ್ಮ ತಮ್ಮ ತಂದೆಯರು ಯಾವತ್ತು ಬರುತ್ತಾರೋ ಎಂದು ಲೆಕ್ಕ ಹಾಕುತ್ತಿದ್ದಂತಿತ್ತು. ನನಗೆ ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು. ಚಿಕ್ಕತಾಯಮ್ಮ ಮಾತ್ರ ದನಿ ಏರಿಸಲಿಲ್ಲ. “ಬುಡೋದಾದ್ರೆ ಬುಡಿ. ಬುಡೋಕೂ ಒಂದ್ ಕ್ರಮ ಐತೆ. ವೀಳ್ಯ ತಕಂಡಿದ್ದು ಐದ್ ಜನದ ಮುಂದೆ, ಬುಡೋದೂ ಅವ್ರ ಮುಂದೇನೆ. ಬರೋ ಭಾನ್ವಾರ ಗಂಡಿನ ಕಡೆಯೋರು ಬಂದ್ ನ್ಯಾಯದಲ್ಲಿ ಕೂತ್ಕಳಿ” ಎಂದರು.

ಮ್ಯಾನೇಜರು ಬರುವುದಿಲ್ಲ ಎಂದರು. ಅವರ ಪ್ರಕಾರ ನಾನೇ ಗಂಡಿನ ಕಡೆ. ಭಾನುವಾರ ಹೊರಡುವಾಗ ನನ್ನಾಕೆ, “ಹೆಣ್ಣಿನ ಕಡೆಯವರ ಹತ್ತಿರ ಮಾತಾಡೋಕೆ ಒಬ್ಬರೇ ಹೋಗಬೇಡಿ, ನಾನೂ ಬರ್ತೀನಿ” ಎಂದು ಸೀರೆ ಬದಲಾಯಿಸಿ ಬಂದಳು. ನನ್ನ ಕಡೆ ಒಂದು ಜನವಾದರೂ ಆಯಿತಲ್ಲ ಎಂದು ಧೈರ್ಯವಾಯಿತು. ಕೊಪ್ಪದಲ್ಲಿ ಬಸ್ಸಿಳಿಯುತ್ತಲೇ ಹೆಂಗಸರು ಅವಳಿಗೆ ಅರಿಶಿನ ಕುಂಕುಮ ಕೊಟ್ಟು, ಮಡಿಲು ತುಂಬಿ, ಒಳಗೆ ಕರೆದುಕೊಂಡು ಹೋದರು. ಅವಳು ಹೊರಗೆ ಬಂದಾಗ ಹೆಣ್ಣಿನ ಕಡೆಯವರ ಚಾಪೆಯ ಮೇಲೆ ಕೂತಳು.

ನ್ಯಾಯ ಹಸಿರು ಜಗಲಿಯ ಮೇಲೆ ನಡೆಯಿತು. ಅದೇ ಐದು ಜನ. ಊರಿನವರು ಅಂಗಳದ ತುಂಬ. ಮರಿಗೌಡರು ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದರು, “ಏಳಿ ಬೀಗ್ರೆ. ಎಣ್ಣಲ್ಲಿ ಏನ್ ಊನ ಕಂಡ್ರಿ?”

“ಏನೂ ಇಲ್ಲ” ಎಂದೆ.

“ನಡತೇಲಿ?”

“ಬಹಳ ಒಳ್ಳೆಯ ನಡತೆ.”

“ಬಂದಾಗ ಉಣ್ಣಕ್ ಇಕ್ನಿಲ್ವಾ?”

ಅಂಗಳದವರೆಲ್ಲ ಒಟ್ಟಿಗೆ ನನ್ನ ಹೊಟ್ಟೆಯನ್ನು ನೋಡಿದರು. ಈ ಸಂಬಂಧ ಶುರುವಾದಾಗ ಅಳತೆ ಕೊಟ್ಟು ಹೊಲಿಸಿದ ಅಂಗಿಯನ್ನೇ ಅವತ್ತು ಹಾಕಿಕೊಂಡು ಹೋಗಿದ್ದು ನನ್ನ ದೊಡ್ಡ ತಪ್ಪು. ಉತ್ತರ ಹೇಳುವ ಅಗತ್ಯವೇ ಬೀಳಲಿಲ್ಲ.

“ಮತ್ತ್ಯಾಕ್ ಬುಡ್ತೀರಿ?”

“ನೋಡಿ ಯಜಮಾನ್ರೇ, ಇದು ನನ್ನ ತೀರ್ಮಾನವಲ್ಲ. ಇನ್ನು ಮೇಲೆ ಪ್ರತಿ ವರ್ಷ ಬೇರೆ ಬೇರೆ ಸಂಸ್ಥೆಯ ಜೊತೆ ಸಂಬಂಧ ಮಾಡಬೇಕು ಅಂತ ಬೊಂಬಾಯಿಯಿಂದ...”

“ವರ್ಸಕ್ಕೊಂದಾ?” ಎಂದರು ಮರಿಗೌಡರು. ಸುಣ್ಣದ ಬೆರಳು ಹಾಗೇ ನಿಂತಿತು.

ಅಂಗಳದ ಹಿಂದಿನಿಂದ ಒಬ್ಬ ಮುದುಕಿ, “ಅಯ್ಯೋ ನನ್ ಸಿವ್ನೆ! ಅದೆಂತಾ ಗಂಡ್ಲಾ ಅದು!” ಎಂದಳು. ನಗುವವರು ನಕ್ಕರು, ಉಗಿಯುವವರು ಉಗಿದರು. ಯಾರೋ, “ಅಂತಾ ಮನ್ತನಕ್ಕೆ ನಮ್ ಎಣ್ ಕೊಟ್ಟಿದ್ದೇ ತಪ್ಪು ಬುಡ್ಲಾ” ಎಂದರು. ಕಂಪನಿಯ ನೀತಿಯನ್ನು ನಾನು ಎಷ್ಟು ವಿವರಿಸಲು ಹೋದೆನೋ ಅಷ್ಟೂ ಅದರ ಶೀಲ ಕೆಡುತ್ತಾ ಹೋಯಿತು. ಬೊಂಬಾಯಿಯವರು ಎಷ್ಟೋ ಮೀಟಿಂಗು ಮಾಡಿ ತೀರ್ಮಾನಿಸಿದ ವಿಚಾರ ಕೊಪ್ಪದ ಜಗಲಿಯ ಮೇಲೆ ಇಷ್ಟು ಅಸಹ್ಯವಾಗಿ ಕಾಣಬಹುದೆಂದು ಯಾರು ಊಹಿಸಿದ್ದರು?

ಆಮೇಲೆ ಬಚ್ಚಲುಮನೆಯ ಮಾತು ಬಂತು. ಕಂಪನಿ ಮಾತು ಕೊಟ್ಟಿತ್ತು ಎಂದರು ಚಿಕ್ಕತಾಯಮ್ಮ. ಕಂಪನಿ ಬಾಯಿಬಿಟ್ಟು ಹೇಳಿರಲಿಲ್ಲ ಎಂದೆ ನಾನು, ಕಾನೂನು ಬಲ್ಲವನ ಹಾಗೆ. ಆಗ ಆ ಕಡೆಯ ಚಾಪೆಯಿಂದ ನನ್ನಾಕೆ ಎದ್ದು ನಿಂತಳು. “ಯಜಮಾನ್ರೇ, ಅವತ್ತು ನಾನು ಇಲ್ಲಿರಲಿಲ್ಲ. ಆದರೆ ಇವರು ತಲೆಯಾಡಿಸಿರ್ತಾರೆ. ಮದುವೆಯಾದಾಗಿನಿಂದ ನೋಡ್ತಾ ಇದೀನಿ. ತಿನ್ನೋವಾಗ ಯಾರು ಏನು ಕೇಳಿದ್ರೂ ಇವರು ತಲೆಯಾಡಿಸ್ತಾರೆ” ಎಂದಳು. ಸಾಕ್ಷಿ ಅಷ್ಟಕ್ಕೇ ಮುಗಿಯಿತು. ನನ್ನ ಕಡೆಗೆಂದು ನಾನೇ ಬಸ್ ಚಾರ್ಜು ಕೊಟ್ಟು ಕರೆತಂದ ಸಾಕ್ಷಿ ಅದು.

ಮರಿಗೌಡರು ಎಲೆ ಬಾಯಿಗಿಟ್ಟುಕೊಂಡು ತೀರ್ಪು ಹೇಳಿದರು. ಬಿಡುವಾಗ ಗಂಡಿನವರು ಕೊಟ್ಟದ್ದು ಗಂಡಿನವರಿಗೆ, ಹೆಣ್ಣಿನವರು ಕೊಟ್ಟದ್ದು ಹೆಣ್ಣಿನವರಿಗೆ ಹಿಂದಕ್ಕೆ ಹೋಗಬೇಕು, ಅದು ಪದ್ಧತಿ. “ಕಂಪ್ನಿಯೋರ್ ಕೊಟ್ಟಿರಾದು ಬಣ್ಣ. ಬೇಕಾದ್ರೆ ಕೆರ್ಕಂಡ್ ಓಗ್ಲಿ, ನಮ್ದೇನ್ ಅಡ್ಡಿಲ್ಲ. ನಮ್ಮೋರ್ ಕೊಟ್ಟಿರಾದು ಬೆಲ್ಲ, ಅವ್ರೆ, ಗಿಣ್ಣು, ಊಟ. ಕಂಪ್ನೀಲಿ ಅದ್ನ ತಿಂದೋರ್ ಯಾರು?”

“ಮ್ಯಾನೇಜರು ಒಂದು ಸಲ ಎಳನೀರು ಕುಡಿದಿದ್ದಾರೆ” ಎಂದೆ.

“ಉಳ್ದಿದ್ದು?”

ನಾನು ನನ್ನಾಕೆಯ ಕಡೆ ನೋಡಿದೆ. ಅವಳು ಮತ್ತೆ ಏಳುವ ಹಾಗೆ ಕಂಡಿತು. “ನಾನು” ಎಂದೆ.

“ಅಂಗಾರೆ ಕಂಪ್ನಿ ಓಗ್ಬೋದು. ನೀವ್ ಓಗಂಗಿಲ್ಲ. ತಿಂದೋರೂ ನೀವೆ, ತಲೆ ಆಡ್ಸಿದೋರೂ ನೀವೆ. ಸಾಲೆ ಬಾಗ್ಲು ತೆಗ್ಯೋದ್ರೊಳ್ಗೆ ಬಚ್ಚಲ್ಮನೆ ಎದ್ ನಿಲ್ಬೇಕು” ಎಂದು ಮರಿಗೌಡರು ಕಂಬಳಿ ಕೊಡವಿ ಎದ್ದರು.

ಮರುದಿನ ಮ್ಯಾನೇಜರಿಗೆ, ಸಂಬಂಧವು ಉಭಯಪಕ್ಷಗಳ ಒಪ್ಪಿಗೆಯಿಂದ ಕೊನೆಗೊಂಡಿದೆ ಎಂದು ಇಂಗ್ಲಿಷಿನಲ್ಲಿ ತಿಳಿಸಿದೆ. ಅವರು ನನ್ನ ಬೆನ್ನು ತಟ್ಟಿದರು. ಗೋಡೆಯ ಬಣ್ಣ ಕೆರೆದುಕೊಂಡು ಹೋಗಬಹುದೆಂಬ ಸೌಲಭ್ಯವನ್ನು ಮಾತ್ರ ಹೇಳಲಿಲ್ಲ. ಕ್ಯಾಂಟೀನಿನಲ್ಲಿ ಆ ವೇಳೆಗೆ ಸುದ್ದಿ ಹಬ್ಬಿತ್ತು, ಕ್ಷೇಮಾಧಿಕಾರಿಗೆ ಬಚ್ಚಲುಮನೆಯ ಶಿಕ್ಷೆಯಾಗಿದೆ ಎಂದು. ನನ್ನನ್ನು ಕಂಡರೆ ಅಷ್ಟಕ್ಕಷ್ಟೇ ಇದ್ದ ಕೆಲಸಗಾರರು, ನಾನು ಮೈಬಗ್ಗಿಸುವುದನ್ನು ಕಣ್ಣಾರೆ ನೋಡಬೇಕೆಂಬ ಒಂದೇ ಆಸೆಯಿಂದ ಸೋಮನಹಳ್ಳಿ, ನಿಡಘಟ್ಟಗಳಿಂದ ಭಾನುವಾರ ಭಾನುವಾರ ಕೊಪ್ಪಕ್ಕೆ ಬಂದರು. ನೋಡಲು ಬಂದವರು ಸುಮ್ಮನೆ ನಿಲ್ಲಲಾರದೆ ತಾವೂ ಕೈಹಾಕಿದರು. ಊರಿನವರು ಒಬ್ಬರು ಇಟ್ಟಿಗೆ, ಒಬ್ಬರು ಮರಳು, ಒಬ್ಬರು ಹಳೆಯ ಹೆಂಚು ಕೊಟ್ಟರು. ಕ್ಯಾಂಟೀನಿನಲ್ಲಿ ನನಗೆ ದಿನಾ ಶಾಪ ಹಾಕುತ್ತಿದ್ದವನೇ ಅಲ್ಲಿ, “ಸಾ, ನೀವ್ ಕೂತ್ಕಳಿ, ನಮ್ಗೆ ಅಡ್ಡ ಆಯ್ತೀರಿ” ಎಂದು ಪ್ರೀತಿಯಿಂದ ಗದರಿಸಿದ. ಮೊದಲ ದಿನ ಇಟ್ಟಿಗೆ ಹೊತ್ತು ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದಿತು. ನನ್ನಾಕೆ ಬೆಣ್ಣೆ ಹಚ್ಚಿದಳು, ಮರುಕ ತೋರಿಸಲಿಲ್ಲ. ಎರಡನೆಯ ಭಾನುವಾರ ನಾನಿಟ್ಟ ಇಟ್ಟಿಗೆಯ ಸಾಲು ನಾಲೆಯ ಹಾಗೆ ಬಳುಕಿದ್ದರಿಂದ, ಕಟ್ಟಿದ ಗೋಡೆಗೆ ನೀರು ಹಾಕುವ ಕೆಲಸ ನನಗೆ ವಹಿಸಿದರು. ಅದನ್ನು ಯಾರೂ ಕೆಡಿಸಲಾರರು ಎಂದು ಅವರ ನಂಬಿಕೆ.

ಶಾಲೆ ಬಾಗಿಲು ತೆಗೆಯುವ ಹೊತ್ತಿಗೆ ಬಚ್ಚಲುಮನೆ ಎದ್ದು ನಿಂತಿತು. ಹಂಡೆ, ಒಲೆ, ಒಳಗಿನಿಂದ ಅಗುಳಿ, ಎತ್ತರದ ಗೋಡೆ. ಬಣ್ಣ ಬಳಿಯಲಿಲ್ಲ, ಚಿಕ್ಕತಾಯಮ್ಮ ಬಿಡಲಿಲ್ಲ. ಮೊದಲ ದಿನ ನಾನೂ ನನ್ನಾಕೆಯೂ ಹೋಗಿದ್ದೆವು. ಶಿವಮ್ಮನ ತಂದೆ ಅದೇ ಚೀಲ ಹಿಡಿದು ಬಂದಿದ್ದ, ಈ ಸಲ ತುಂಬಿದ ಚೀಲ. ಗೋಡೆಯನ್ನು ಒಮ್ಮೆ ಸುತ್ತಿ ಬಂದು, ಅಗುಳಿಯನ್ನು ಹಾಕಿ ತೆಗೆದು ನೋಡಿ, ಚೀಲವನ್ನು ಒಳಗಿಟ್ಟ. ಶಿವಮ್ಮ ಸ್ನಾನ ಮಾಡಿ ತಲೆಗೆ ಟವಲು ಸುತ್ತಿಕೊಂಡು ಹೊರಗೆ ಬಂದವಳು ನನ್ನ ಹತ್ತಿರ ನಿಂತು, “ಸಾರ್, ಒಲೆ ಒಗೆ ವಾಪಸ್ ಬತ್ತದೆ. ಯಾರ್ ಆಕಿದ್ದು ಒಲೆಯ?” ಎಂದು ಕೇಳಿದಳು. ನನ್ನ ಕಣ್ಣಲ್ಲಿ ನೀರು ಬಂತು. ಹೊಗೆಯಿಂದ ಬಂದದ್ದಲ್ಲ, ಸಂತೋಷಕ್ಕೇ ಬಂದದ್ದು. ಅಷ್ಟು ಸಂತೋಷ ನನಗೆ ಬಡ್ತಿ ಸಿಕ್ಕಾಗಲೂ ಆಗಿರಲಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನೊಬ್ಬ ದೊಡ್ಡ ಮನುಷ್ಯನಾಗಿ ಉಳಿಯುತ್ತಿದ್ದೆ. ಮಾರನೆಯ ವರ್ಷ ಹೆಡ್ಡಾಫೀಸಿನಲ್ಲಿ ಮತ್ತೆ ಯಾರೋ ಬದಲಾಗಿ, ದೀರ್ಘಕಾಲದ ಸಂಬಂಧವೇ ಒಳ್ಳೆಯದು ಎಂದಾಯಿತು. ತೋರಿಸಲು ಏನಾದರೂ ಇದೆಯೇ ಎಂದು ಬೊಂಬಾಯಿಯಿಂದ ಕೇಳಿದರು. ಮ್ಯಾನೇಜರ ಕಿವಿಗೆ ಬಚ್ಚಲುಮನೆಯ ಸುದ್ದಿಯೂ, ನಾನು ಇನ್ನೂ ಭಾನುವಾರ ಭಾನುವಾರ ಅಲ್ಲಿಗೆ ಹೋಗುವ ಸುದ್ದಿಯೂ ಬಿದ್ದಿತ್ತು. ಫೋಟೋದವನನ್ನೂ, ಡಿಕ್ಕಿಯ ತುಂಬ ಬಣ್ಣದ ಡಬ್ಬಗಳನ್ನೂ ಹಾಕಿಕೊಂಡು, ನನ್ನನ್ನೂ ಕೂರಿಸಿಕೊಂಡು ಕೊಪ್ಪಕ್ಕೆ ಬಂದರು. ಚಿಕ್ಕತಾಯಮ್ಮ ಅವರಿಗೆ ಎಳನೀರು ಕೊಟ್ಟು, ಬಹಳ ಮರ್ಯಾದೆಯಿಂದ, “ನಿಮ್ ಕಂಪ್ನಿ ಸಂಬಂದ ಅರ್ದೋಗದೆ ಸ್ವಾಮಿ. ಐದ್ ಜನದ ಮುಂದೆ ಅರ್ದಿದ್ನ ನಮ್ಮಲ್ಲಿ ಮತ್ತೆ ಕೂಡ್ಸಾಕಿಲ್ಲ. ಬಣ್ಣ ತಕಂಡೋಗಿ” ಎಂದರು. ನಾನು ಭಾಷಾಂತರಿಸಿದೆ. ಮ್ಯಾನೇಜರು ನನ್ನ ಕಡೆ ಬೆರಳು ತೋರಿಸಿ, ಹಾಗಾದರೆ ಇವರು ಪ್ರತಿ ಭಾನುವಾರ ಯಾವ ಸಂಬಂಧದಿಂದ ಇಲ್ಲಿಗೆ ಬರುತ್ತಾರೆ ಎಂದು ಕೇಳಿದರು. ಅದನ್ನೂ ಭಾಷಾಂತರಿಸಿದೆ.

“ಇವ್ರಾ?” ಎಂದು ಚಿಕ್ಕತಾಯಮ್ಮ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. “ಇವ್ರು ನಮ್ ಮನೆವಾಳ್ತನದ್ ಅಳೀಂದ್ರು.”

ಮನೆವಾಳ್ತನದ ಅಳಿಯನೆಂದರೆ ಹೆಂಡತಿಯ ಮನೆಯಲ್ಲೇ ಬಂದು ಉಳಿದು, ಮಾವನ ಗದ್ದೆ ಗೇಯುತ್ತಾ, ಮನೆಯವರೆಲ್ಲರ ಊಟವಾದ ಮೇಲೆ ಉಣ್ಣುವವನು. ಮ್ಯಾನೇಜರು ಅರ್ಥ ಕೇಳಿದಾಗ ನಾನು, ಗೌರವ ಸಲಹೆಗಾರ ಎಂದು ಹೇಳಿದೆ. ನನ್ನ ಭಾಷಾಂತರದ ವೃತ್ತಿಜೀವನದಲ್ಲಿ ಅದೇ ಅತ್ಯಂತ ಕಷ್ಟದ ವಾಕ್ಯ.

ಆ ಪದವಿಯಲ್ಲಿ ನಾನು ಇವತ್ತಿಗೂ ಮುಂದುವರಿಯುತ್ತಿದ್ದೇನೆ. ಕಂಪನಿಯ ಕೆಲಸ ಬಿಟ್ಟೆ, ಇದನ್ನು ಬಿಡುವ ಕ್ರಮ ಯಾವುದೆಂದು ಮರಿಗೌಡರೂ ಹೇಳಿಲ್ಲ, ನಾನೂ ಕೇಳಿಲ್ಲ. ಬೀಗನಾಗಿದ್ದಾಗ ನಾನು ಬಸ್ಸಿಳಿಯುವ ಮೊದಲೇ ಎಲೆ ಹಾಸಿರುತ್ತಿದ್ದರು. ಈಗ ಜಗಲಿ ಹತ್ತುವಷ್ಟರಲ್ಲಿ ಒಳಗಿನಿಂದ ಯಾವಳೋ ಹುಡುಗಿ, “ಸಾರ್, ಮೊದ್ಲು ಅಂಡೆಗೆ ನೀರ್ ತುಂಬುಸ್ಬೇಕಂತೆ, ಆಮೇಲ್ ಊಟವಂತೆ” ಎಂದು ಕೂಗುತ್ತಾಳೆ. ನಾನು ಅಂಗಿ ಬಿಚ್ಚಿ ಮೊಳೆಗೆ ಸಿಕ್ಕಿಸಿ ಬಾವಿಯ ಹತ್ತಿರ ಹೋಗುತ್ತೇನೆ. ನನ್ನಾಕೆಯನ್ನು ಮಾತ್ರ ಅವರು ಇನ್ನೂ ಬೀಗಿತ್ತಿ ಎಂದೇ ಇಟ್ಟುಕೊಂಡಿದ್ದಾರೆ. ಮೊದಲ ಪಂಕ್ತಿಯಲ್ಲಿ ಕೂತು ಎರಡನೆಯ ಸಲ ಶಾವಿಗೆ ಹಾಕಿಸಿಕೊಳ್ಳುತ್ತಾ ಅವಳು ಕಿಟಕಿಯಿಂದ, “ಬೇಗ ತುಂಬಿಸಿ ಬನ್ನಿ, ಕಾಯಿಹಾಲು ಮುಗಿದುಹೋಗ್ತಾ ಇದೆ” ಎನ್ನುತ್ತಾಳೆ.